ಪಿಕಪ್ ವಾಹನಕ್ಕೆ ಆಫ್ಟರ್‌ಮಾರ್ಕೆಟ್ ಶಾಕ್ ಅಬ್ಸಾರ್ಬರ್ ಆಯ್ಕೆ: ಬಳ್ಳಾರಿ, ರಾಯಚೂರು, ಕೊಪ್ಪಳದ ರಸ್ತೆಗಳಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಭಾಗದ ಪಿಕಪ್ ವಾಹನ ಒಂದೇ ದಿನದಲ್ಲಿ ಮೂರು ಬಗೆಯ ದಾರಿ ತುಳಿಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕದ ಗರಸಿನ ದಾರಿ, ಕೊಪ್ಪಳ–ಹೊಸಪೇಟೆ–ಬಳ್ಳಾರಿಯ ರಾಷ್ಟ್ರೀಯ ಹೆದ್ದಾರಿ 67, ಅದರಿಂದ ಇಳಿದರೆ ಎರೆಹೊಲದ ಬಂಡಿದಾರಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಸಂಡೂರಿನ ಕಡೆ ಅದಿರಿನ ಕೆಂಪು ಧೂಳು ಸೇರಿಕೊಳ್ಳುತ್ತದೆ. ಇಂಥ ಕಡೆ ದುಡಿಯುವ ವಾಹನದ ಶಾಕ್ ಅಬ್ಸಾರ್ಬರ್ ಬೇಗ ಸೋಲುವುದು ಸಹಜ. ಆದರೆ ಆಫ್ಟರ್‌ಮಾರ್ಕೆಟ್, ಅಂದರೆ ವಾಹನ ಕಂಪನಿಯದಲ್ಲದ ಬೇರೆ ತಯಾರಕರ ಅಬ್ಸಾರ್ಬರ್‌ಗೆ ಬದಲಿಸುವಾಗ ಅಂಗಡಿಯವರು ಕೊಟ್ಟದ್ದನ್ನು ಅಥವಾ ಗೆಳೆಯರ ವಾಹನದಲ್ಲಿ ಕಂಡದ್ದನ್ನು ಹಾಕಿಸಿಕೊಳ್ಳುವುದು ಸರಿಯಲ್ಲ. ತೂಕ ಮಾಡಿ, ಅಳತೆ ತೆಗೆದು, ತನ್ನ ವಾಹನ ವರ್ಷದ ಹೆಚ್ಚಿನ ದಿನಗಳಲ್ಲಿ ಯಾವ ಹೊರೆ ಹೊರುತ್ತದೆ ಎಂಬುದನ್ನು ನೋಡಿ ಆರಿಸಿದ ಸಾಧಾರಣ ಅಬ್ಸಾರ್ಬರ್, ಅಳತೆಯಿಲ್ಲದೆ ತಂದ ದುಬಾರಿ ಅಬ್ಸಾರ್ಬರ್‌ಗಿಂತ ಚೆನ್ನಾಗಿ ಬಾಳುತ್ತದೆ. ಈ ಬರಹ ಆ ಕ್ರಮವನ್ನು ಮೊದಲಿನಿಂದ ವಿವರಿಸುತ್ತದೆ.

ಭಾರ ಹೊರುವುದು ಸ್ಪ್ರಿಂಗ್

ಆಯ್ಕೆ ತಪ್ಪುವುದಕ್ಕೆ ಮುಖ್ಯ ಕಾರಣ ಒಂದು ತಪ್ಪು ತಿಳಿವಳಿಕೆ. ಲೋಡ್ ಹಾಕಿದಾಗ ಹಿಂಭಾಗ ಕುಸಿದರೆ ‘ಗಟ್ಟಿ ಶಾಕ್ ಹಾಕಿಸಿ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ನಿಂತ ವಾಹನದ ಭಾರವನ್ನು ಹೊರುವುದು ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು) ಅಥವಾ ಕಾಯಿಲ್ ಸ್ಪ್ರಿಂಗ್ (ಸುರುಳಿ ಸ್ಪ್ರಿಂಗ್). ಶಾಕ್ ಅಬ್ಸಾರ್ಬರ್ ಆ ಭಾರದಲ್ಲಿ ಹೇಳಿಕೊಳ್ಳುವಷ್ಟು ಪಾಲನ್ನೇನೂ ಹೊರುವುದಿಲ್ಲ. ಅದರೊಳಗಿನ ಪಿಸ್ಟನ್ ಎಣ್ಣೆಯ ನಡುವೆ ಮೇಲೆ ಕೆಳಗೆ ಓಡಾಡುವಾಗ ಎಣ್ಣೆ ಸಣ್ಣ ರಂಧ್ರಗಳ ಮತ್ತು ವಾಲ್ವುಗಳ ಮೂಲಕ ನುಸುಳಬೇಕಾಗುತ್ತದೆ, ಆ ತಡೆಯಿಂದಾಗಿ ಸ್ಪ್ರಿಂಗ್‌ನ ಕುಣಿತದ ಶಕ್ತಿ ಬಿಸಿಯಾಗಿ ಬದಲಾಗಿ ಹೊರಗಿನ ಗಾಳಿಗೆ ಸೇರುತ್ತದೆ. ಅಬ್ಸಾರ್ಬರ್‌ನ ಕೆಲಸ ಇಷ್ಟೇ. ಆದ್ದರಿಂದ ಕುಸಿತಕ್ಕೆ ಮದ್ದು ಸ್ಪ್ರಿಂಗ್‌ನಲ್ಲಿದೆ. ಕುಣಿತ, ಓಲಾಟ ಮತ್ತು ಚಕ್ರದ ಹಾರಾಟಕ್ಕೆ ಮದ್ದು ಅಬ್ಸಾರ್ಬರ್‌ನಲ್ಲಿದೆ.

ಮೊದಲ ಹಂತ: ದೋಷ ನಿಜವಾಗಿ ಎಲ್ಲಿದೆ?

ಹೊಸದನ್ನು ಕೊಳ್ಳುವ ಮೊದಲು ವಾಹನದ ಕೆಳಗೆ ಒಮ್ಮೆ ನೋಡಬೇಕು. ಲೀಫ್ ಸ್ಪ್ರಿಂಗ್‌ನ ಪಟ್ಟಿಗಳಲ್ಲಿ ಒಂದು ಮುರಿದಿರಬಹುದು, ಸೆಂಟರ್ ಬೋಲ್ಟ್ ತುಂಡಾಗಿರಬಹುದು, ಯು-ಬೋಲ್ಟ್ ಸಡಿಲವಾಗಿರಬಹುದು, ಸ್ಪ್ರಿಂಗ್‌ನ ತುದಿಯನ್ನು ಛಾಸಿಗೆ ಸೇರಿಸುವ ಶ್ಯಾಕಲ್‌ನ ಬುಷ್ (ಒಳತೋಳು) ಸವೆದಿರಬಹುದು. ಇವುಗಳಲ್ಲಿ ಯಾವುದಿದ್ದರೂ ಹೊಸ ಅಬ್ಸಾರ್ಬರ್‌ನಿಂದ ಪ್ರಯೋಜನವಾಗದು. ಅದಿರಿನ ಧೂಳು ಮತ್ತು ತುಕ್ಕು ಸೇರಿ ಪಟ್ಟಿಗಳು ಒಂದಕ್ಕೊಂದು ಹಿಡಿದುಕೊಂಡರೆ ಸಣ್ಣ ಏರುಪೇರಿಗೆ ಸ್ಪ್ರಿಂಗ್ ಅಲುಗುವುದೇ ಇಲ್ಲ. ಪ್ರತಿ ಕಲ್ಲಿನ ಪೆಟ್ಟೂ ನೇರವಾಗಿ ಛಾಸಿಗೆ ಬರುತ್ತದೆ. ಚಾಲಕರು ಇದನ್ನು ಅಬ್ಸಾರ್ಬರ್ ಗಟ್ಟಿಯಾಯಿತೆಂದು ಭಾವಿಸುವುದುಂಟು. ಟೈರಿನ ಗಾಳಿಯನ್ನೂ ಇದೇ ಹಂತದಲ್ಲಿ ಕಂಪನಿ ಸೂಚಿಸಿದ ಮಟ್ಟಕ್ಕೆ ತರಬೇಕು.

ಅಬ್ಸಾರ್ಬರ್ ಸೋತದ್ದಕ್ಕೆ ಖಚಿತ ಗುರುತುಗಳಿವೆ. ಹಂಪ್ ದಾಟಿದ ಮೇಲೆ ಬಾಡಿ ಒಂದು ಸಲ ಎದ್ದು ಕೂರುವ ಬದಲು ಎರಡು ಮೂರು ಸಲ ತೂಗುತ್ತದೆ. ಬ್ರೇಕ್ ಹಾಕಿದಾಗ ಮೂಗು ತಗ್ಗುತ್ತದೆ. ಟೈರಿನ ಮೇಲ್ಮೈಯಲ್ಲಿ ಕೈಯಾಡಿಸಿದರೆ ಬಟ್ಟಲಿನಂಥ ಸವೆತ ಸಿಗುತ್ತದೆ. ಅಬ್ಸಾರ್ಬರ್‌ನ ಮೈಮೇಲೆ ತೆಳುವಾದ ಎಣ್ಣೆಯ ಪಸೆಗೆ ಧೂಳು ಅಂಟಿದ್ದರೆ ಗಾಬರಿ ಬೇಡ, ಎಣ್ಣೆ ಇಳಿದು ತೊಟ್ಟಿಕ್ಕಿದ ಗೆರೆ ಕಂಡರೆ ಅದರ ಸೀಲ್ ಹೋಗಿದೆ ಎಂದೇ ಅರ್ಥ. ಕಾರುಗಳಿಗೆ ಹೇಳುವ, ಮೂಲೆಯನ್ನು ಕೈಯಿಂದ ಒತ್ತಿ ಬಿಡುವ ಪರೀಕ್ಷೆ ಪಿಕಪ್‌ನ ಹಿಂಭಾಗಕ್ಕೆ ಹೊಂದುವುದಿಲ್ಲ. ಗಟ್ಟಿಯಾದ ಲೀಫ್ ಸ್ಪ್ರಿಂಗ್ ಕೈಯ ಒತ್ತಡಕ್ಕೆ ಬಗ್ಗುವುದೇ ಕಡಿಮೆ. ಅದಕ್ಕಿಂತ ನಂಬಲು ತಕ್ಕ ಪರೀಕ್ಷೆ ಬಿಸಿಯದು. ತಗ್ಗು ದಿನ್ನೆಯ ಕಾಲುವೆ ದಾರಿಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ಕೂಡಲೇ, ಒಂದೇ ಆಕ್ಸಲ್‌ನ (ಎಡ ಬಲದ ಚಕ್ರಗಳನ್ನು ಹೊಂದಿಸುವ ಅಡ್ಡ ದಂಡ) ಎರಡೂ ಬದಿಯ ಅಬ್ಸಾರ್ಬರ್‌ಗಳ ಹತ್ತಿರ ಅಂಗೈ ಹಿಡಿದು, ಸುಡುವುದಿಲ್ಲವೆಂದು ಖಚಿತಪಡಿಸಿಕೊಂಡು ಮೆಲ್ಲಗೆ ಮುಟ್ಟಿ ನೋಡಿ. ಚೆನ್ನಾಗಿರುವುದು ಬಿಸಿಯಾಗಿರುತ್ತದೆ, ಸತ್ತದ್ದು ತಣ್ಣಗಿರುತ್ತದೆ. ಏಕೆಂದರೆ ತಣ್ಣಗಿರುವುದು ಯಾವ ಶಕ್ತಿಯನ್ನೂ ತಡೆದಿಲ್ಲ. ಸೈಲೆನ್ಸರ್ ಪಕ್ಕದಲ್ಲಿರುವ ಬದಿ ಸ್ವಲ್ಪ ಹೆಚ್ಚು ಬೆಚ್ಚಗಿರುವುದನ್ನು ಮಾತ್ರ ಲೆಕ್ಕದಿಂದ ಬಿಡಬೇಕು.

ಎರಡನೆಯ ಹಂತ: ಹೊರೆಯನ್ನು ತೂಗಿಸಿ, ಅದರ ಸ್ವಭಾವವನ್ನೂ ಗಮನಿಸಿ

ವಾಹನವನ್ನು ವೇಬ್ರಿಡ್ಜ್ ಮೇಲೆ ಎರಡು ಬಾರಿ ತೂಗಿಸಬೇಕು: ಒಮ್ಮೆ ಖಾಲಿಯಾಗಿ, ಒಮ್ಮೆ ದಿನನಿತ್ಯದ ಹೊರೆಯೊಡನೆ. ಪ್ರತಿ ಸಲವೂ ಮೊದಲು ಮುಂದಿನ ಚಕ್ರಗಳನ್ನು ಮಾತ್ರ ಏರಿಸಿ, ಬಳಿಕ ಇಡೀ ವಾಹನವನ್ನು ಏರಿಸಿದರೆ ಎರಡರ ವ್ಯತ್ಯಾಸವೇ ಹಿಂದಿನ ಆಕ್ಸಲ್ ಮೇಲಿನ ಭಾರವಾಗುತ್ತದೆ. ಈ ಭಾಗದಲ್ಲಿ ಭತ್ತದ ಚೀಲವನ್ನು ಸಾಮಾನ್ಯವಾಗಿ 75 ಕೆ.ಜಿ. ಲೆಕ್ಕದಲ್ಲಿ ತುಂಬುವುದರಿಂದ 20 ಚೀಲವೆಂದರೆ 1500 ಕೆ.ಜಿ. ಆಯಿತು, ಇದರಲ್ಲಿ ಹೆಚ್ಚಿನ ಪಾಲು ಹಿಂದಿನ ಆಕ್ಸಲ್ ಮೇಲೆಯೇ ಕೂರುತ್ತದೆ. ಖಾಲಿ ಮತ್ತು ಭರ್ತಿಯ ನಡುವಿನ ಅಂತರ ಎಷ್ಟು ದೊಡ್ಡದೋ ಅಬ್ಸಾರ್ಬರ್ ಆಯ್ಕೆ ಅಷ್ಟು ಕಷ್ಟ.

ಆರ್‌ಸಿಯಲ್ಲಿ ನಮೂದಾದ ಒಟ್ಟು ತೂಕದ ಮಿತಿ ದಾಟುತ್ತಿದ್ದರೆ ಅದನ್ನು ಸರಿದೂಗಿಸುವ ಅಬ್ಸಾರ್ಬರ್ ಎಂಬುದು ಯಾವುದೂ ಇಲ್ಲ. ಮೋಟಾರು ವಾಹನ ಕಾಯ್ದೆಯ 194ನೇ ಕಲಂ 2019ರ ತಿದ್ದುಪಡಿಯ ನಂತರ ಮಿತಿಮೀರಿದ ಹೊರೆಗೆ 20,000 ರೂಪಾಯಿ ದಂಡವನ್ನೂ, ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿಯನ್ನೂ ವಿಧಿಸುತ್ತದೆ. ದಂಡದ ಮಾತು ಹಾಗಿರಲಿ, ಮಿತಿ ದಾಟಿದ ವಾಹನದ ಬ್ರೇಕು ಮತ್ತು ಟೈರುಗಳ ಮೇಲೆ ಚಾಲಕನ ಹಾಗೂ ಎದುರು ಬರುವವರ ಜೀವ ನಿಂತಿರುತ್ತದೆ.

ತೂಕದಷ್ಟೇ ಮುಖ್ಯವಾದದ್ದು ಹೊರೆಯ ಎತ್ತರ. ಬಳ್ಳಾರಿಯಿಂದ ಬ್ಯಾಡಗಿಗೆ ಹೋಗುವ ಒಣಮೆಣಸಿನಕಾಯಿಯ ಚೀಲಗಳೂ, ರಾಯಚೂರಿನ ಮಾರುಕಟ್ಟೆಗೆ ಬರುವ ಹತ್ತಿಯೂ ತೂಕದಲ್ಲಿ ಹಗುರ, ಆದರೆ ಕ್ಯಾಬಿನ್ನಿಗಿಂತ ಎತ್ತರಕ್ಕೆ ಏರುತ್ತವೆ. ಭಾರದ ಕೇಂದ್ರ ಮೇಲೇರಿದಾಗ ತಿರುವಿನಲ್ಲಿ ಮತ್ತು ಅಡ್ಡಗಾಳಿಯಲ್ಲಿ ವಾಹನ ಓಲಾಡುತ್ತದೆ. ಇಲ್ಲಿ ಸ್ಪ್ರಿಂಗ್ ಸಾಕಷ್ಟು ಗಟ್ಟಿಯಿದ್ದರೂ ಓಲಾಟ ಬೇಗ ತಣಿಯಲು ಉತ್ತಮ ಅಬ್ಸಾರ್ಬರ್ ಬೇಕು. ಕುಷ್ಟಗಿ ಕಡೆಯ ದಾಳಿಂಬೆ ಕ್ರೇಟುಗಳಿಗೆ ಬೇಕಾದದ್ದು ಬೇರೆ: ಹಣ್ಣಿಗೆ ಪೆಟ್ಟಾಗದಂತೆ ಸಣ್ಣ ಅದುರನ್ನು ಮೃದುವಾಗಿ ನುಂಗುವ ಗುಣ. ಸಿಮೆಂಟು, ಕಬ್ಬಿಣ, ಭತ್ತ ಸಾಗಿಸುವವರಿಗೆ ಸ್ಪ್ರಿಂಗ್‌ನ ಪುಟಿತವನ್ನು ಹಿಡಿಯುವ ಬಲವೇ ಮುಖ್ಯ. ವರ್ಷದಲ್ಲಿ ಎರಡು ತಿಂಗಳ ಸುಗ್ಗಿಗಾಗಿ ಆರಿಸದೆ, ಉಳಿದ ಹತ್ತು ತಿಂಗಳ ಹೊರೆಗೆ ತಕ್ಕಂತೆ ಆರಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮೂರನೆಯ ಹಂತ: ಅಳತೆ

ಈ ಹಂತಕ್ಕೆ ಅರ್ಧ ದಿನ ಮೀಸಲಿಡಿ. ಸಮತಟ್ಟಾದ ನೆಲದಲ್ಲಿ ಖಾಲಿ ವಾಹನ ನಿಲ್ಲಿಸಿ, ಅಬ್ಸಾರ್ಬರ್‌ನ ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುಬಿಂದುಗಳ ನಡುವಿನ ದೂರವನ್ನು ಟೇಪಿನಿಂದ ಅಳೆಯಿರಿ. ನಂತರ ಆಕ್ಸಲ್‌ಗೂ ಅದರ ಮೇಲೆ ಛಾಸಿಯಲ್ಲಿರುವ ರಬ್ಬರ್ ಬಂಪ್ ಸ್ಟಾಪ್‌ಗೂ (ಆಕ್ಸಲ್ ಮೇಲೇರಿ ಬಡಿಯದಂತೆ ತಡೆಯುವ ರಬ್ಬರ್ ಗಟ್ಟಿ) ನಡುವೆ ಇರುವ ತೆರಪನ್ನು ಅಳೆಯಿರಿ. ಮೂರನೆಯದಾಗಿ, ಹಳೆಯ ಅಬ್ಸಾರ್ಬರ್‌ನ ಒಂದು ತುದಿಯನ್ನು ಬಿಚ್ಚಿ, ಛಾಸಿಯನ್ನು ಜಾಕ್‌ನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರ ಪೂರ್ತಿ ಜೋತುಬಿದ್ದಾಗ ಅದೇ ಎರಡು ಬಿಂದುಗಳ ದೂರವನ್ನು ಅಳೆಯಿರಿ. ಹೀಗೆ ಬಿಚ್ಚುವಾಗ ಬ್ರೇಕಿನ ಹೋಸ್ ಬಿಗಿಯಾಗಿ ಎಳೆಯದಂತೆ ನೋಡಿಕೊಳ್ಳಬೇಕು. ನಾಲ್ಕನೆಯದಾಗಿ, ದಿನನಿತ್ಯದ ಹೊರೆ ಹಾಕಿ ಮೊದಲ ಅಳತೆಯನ್ನು ಮತ್ತೊಮ್ಮೆ ತೆಗೆದುಕೊಳ್ಳಿ.

ಒಂದು ಲೆಕ್ಕವನ್ನು ನೋಡೋಣ. ಖಾಲಿ ನಿಂತಾಗ ಬೋಲ್ಟುಗಳ ದೂರ 480 ಮಿ.ಮೀ., ಬಂಪ್ ಸ್ಟಾಪ್ ತೆರಪು 90 ಮಿ.ಮೀ. ಇದೆ ಎಂದುಕೊಳ್ಳಿ. ದೊಡ್ಡ ತಗ್ಗಿಗೆ ಬಿದ್ದಾಗ ರಬ್ಬರ್ ಸುಮಾರು 25 ಮಿ.ಮೀ. ಅಮುಕಿಕೊಂಡರೆ ಒಟ್ಟು ಚಲನೆ 115 ಮಿ.ಮೀ.; ಅಬ್ಸಾರ್ಬರ್ ಬಹುತೇಕ ನೆಟ್ಟಗಿದ್ದರೆ ಬೋಲ್ಟುಗಳ ದೂರ 365 ಮಿ.ಮೀ.ಗೆ ಇಳಿಯುತ್ತದೆ. ಪೂರ್ತಿ ಮುಚ್ಚಿದ ಅಬ್ಸಾರ್ಬರ್‌ನ ಉದ್ದ ಇದಕ್ಕಿಂತ 15 ಮಿ.ಮೀ.ನಷ್ಟು ಕಡಿಮೆ, ಅಂದರೆ 350 ಮಿ.ಮೀ. ಅಥವಾ ಅದರೊಳಗೆ ಇರಬೇಕು. ಚಕ್ರ ಜೋತುಬಿದ್ದಾಗ 560 ಮಿ.ಮೀ. ಬಂದಿದ್ದರೆ ಪೂರ್ತಿ ಬಿಚ್ಚಿದ ಉದ್ದ 570 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿರಬೇಕು. ಓರೆಯಾಗಿ ಕೂರುವ ಅಬ್ಸಾರ್ಬರ್‌ನ ಚಲನೆ ಆಕ್ಸಲ್ ಚಲನೆಗಿಂತ ಕಡಿಮೆ ಇರುವುದರಿಂದ ಅಲ್ಲಿ ಕಳೆಯುವ ಲೆಕ್ಕಕ್ಕಿಂತ ನೇರ ಅಳತೆಯೇ ಸರಿ. ಮುಚ್ಚಿದ ಉದ್ದ ಹೆಚ್ಚಾದರೆ ಬಂಪ್ ಸ್ಟಾಪ್ ತಾಗುವ ಮೊದಲೇ ಪಿಸ್ಟನ್ ತಳಕ್ಕೆ ಬಡಿದು ವಾಲ್ವು ಪುಡಿಯಾಗುತ್ತದೆ, ಕೆಲವೊಮ್ಮೆ ಛಾಸಿಯ ಬ್ರಾಕೆಟ್ ಬಿರುಕು ಬಿಡುತ್ತದೆ. ಬಿಚ್ಚಿದ ಉದ್ದ ಸಾಲದೆ ಹೋದರೆ ಅಬ್ಸಾರ್ಬರ್ ಚಕ್ರದ ತೂಕವನ್ನು ಎಳೆದು ಹಿಡಿಯಬೇಕಾಗಿ, ಅದರ ತುದಿಯಲ್ಲಿ ಬೋಲ್ಟ್ ತೂರುವ ಬಳೆಯಾದ ಕಣ್ಣಿನ ಬೆಸುಗೆ ಕಿತ್ತುಬರುತ್ತದೆ.

ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ಟೊಯೋಟಾ ಹೈಲಕ್ಸ್‌ನಂಥ ವಾಹನಗಳ ಮುಂಭಾಗದಲ್ಲಿ ಡಬಲ್ ವಿಷ್‌ಬೋನ್ (ಪ್ರತಿ ಚಕ್ರವನ್ನು ಮೇಲೊಂದು ಕೆಳಗೊಂದು ತೋಳಿನಿಂದ ಹಿಡಿಯುವ ರಚನೆ) ಮತ್ತು ಕಾಯಿಲ್ ಸ್ಪ್ರಿಂಗ್ ಇದ್ದು, ಅಬ್ಸಾರ್ಬರ್ ಸ್ಪ್ರಿಂಗ್‌ನೊಳಗೇ ಇರುತ್ತದೆ. ಇಲ್ಲಿ ಚಕ್ರ ಎಷ್ಟು ಕೆಳಗಿಳಿಯಬೇಕೆಂಬುದನ್ನು ಸಾಮಾನ್ಯವಾಗಿ ಅಬ್ಸಾರ್ಬರ್‌ನ ಉದ್ದವೇ ನಿರ್ಧರಿಸುವುದರಿಂದ, ಉದ್ದನೆಯದನ್ನು ಹಾಕಿದರೆ ಬಾಲ್ ಜಾಯಿಂಟ್ ಮತ್ತು ಡ್ರೈವ್ ಶಾಫ್ಟ್ ಜಾಯಿಂಟ್‌ಗಳ ಮೇಲೆ ಅತಿಯಾದ ಕೋನ ಬೀಳುತ್ತದೆ. ಆ ವಾಹನದ ಹೆಸರಿಗೇ ತಯಾರಾದ ಸೆಟ್ ಬಿಟ್ಟು ಬೇರೆಯದನ್ನು ಅಲ್ಲಿ ಪ್ರಯೋಗಿಸಬಾರದು.

ಅಳತೆಯ ಜೊತೆಗೆ ತುದಿಗಳ ಜೋಡಣೆಯನ್ನೂ ಗುರುತಿಸಿಕೊಳ್ಳಿ: ಎರಡೂ ಕಡೆ ಕಣ್ಣಿದೆಯೇ, ಒಂದು ಕಡೆ ಥ್ರೆಡ್ ಇರುವ ಪಿನ್ ಇದೆಯೇ, ಬೋಲ್ಟಿನ ದಪ್ಪವೆಷ್ಟು, ಬುಷ್‌ನ ಅಗಲವೆಷ್ಟು. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಒಂದು ಅಬ್ಸಾರ್ಬರ್ ಆಕ್ಸಲ್‌ನ ಮುಂದೆಯೂ ಇನ್ನೊಂದು ಹಿಂದೆಯೂ ಇರುತ್ತದೆ. ಜೋರಾಗಿ ಎಳೆಯುವಾಗ ಮತ್ತು ಬ್ರೇಕ್ ಹಾಕುವಾಗ ಆಕ್ಸಲ್ ತಿರುಚಿಕೊಂಡು ಕುಣಿಯದಿರಲೆಂದು ಮಾಡಿದ ವ್ಯವಸ್ಥೆಯದು. ಆದ್ದರಿಂದ ಎರಡೂ ಬದಿಯನ್ನು ಬೇರೆ ಬೇರೆಯಾಗಿ ಅಳೆಯಬೇಕು.

ನಾಲ್ಕನೆಯ ಹಂತ: ಒಳರಚನೆಯ ಆಯ್ಕೆ

ಅಬ್ಸಾರ್ಬರ್‌ಗಳಲ್ಲಿ ಟ್ವಿನ್ ಟ್ಯೂಬ್ ಮತ್ತು ಮೊನೊಟ್ಯೂಬ್ ಎಂಬ ಎರಡು ಮುಖ್ಯ ಬಗೆಗಳಿವೆ. ಟ್ವಿನ್ ಟ್ಯೂಬಿನಲ್ಲಿ ಕೊಳವೆಯೊಳಗೆ ಕೊಳವೆ ಇದ್ದು, ಪಿಸ್ಟನ್ ಒಳಗಿನದರಲ್ಲಿ ಓಡುತ್ತದೆ, ಹೊರಗಿನದು ಎಣ್ಣೆಯ ಸಂಗ್ರಹ. ಬರೀ ಎಣ್ಣೆ ಮತ್ತು ಗಾಳಿ ಇರುವ ಹಳೆಯ ಮಾದರಿಯಲ್ಲಿ ಬಿರುಸಿನ ಓಟಕ್ಕೆ ಎಣ್ಣೆ ನೊರೆಯಾಗುತ್ತದೆ. ನೊರೆಗೆ ತಡೆಯುವ ಶಕ್ತಿಯಿಲ್ಲ. ಇದನ್ನು ತಗ್ಗಿಸಲು ಕಡಿಮೆ ಒತ್ತಡದ ನೈಟ್ರೋಜನ್ ತುಂಬುತ್ತಾರೆ, ಇಲ್ಲವೇ ಅನಿಲದ ಬದಲು ಫೋಮ್ ಸೆಲ್ (ಕುಗ್ಗಿ ಹಿಗ್ಗುವ ಫೋಮ್ ತುಂಡು) ಇಡುತ್ತಾರೆ. ಮೊನೊಟ್ಯೂಬಿನಲ್ಲಿ ಒಂದೇ ಕೊಳವೆ ಇದ್ದು, ತೇಲುವ ಪಿಸ್ಟನ್ನೊಂದು ಎಣ್ಣೆಯನ್ನೂ ಹೆಚ್ಚಿನ ಒತ್ತಡದ ನೈಟ್ರೋಜನ್ನನ್ನೂ ಬೇರ್ಪಡಿಸುತ್ತದೆ. ಎಣ್ಣೆಯ ಬಿಸಿ ನೇರವಾಗಿ ಹೊರಗಿನ ಗೋಡೆಗೆ ತಲುಪುವುದರಿಂದ ಇದು ಬೇಗ ತಣಿಯುತ್ತದೆ, ಉದ್ದ ದಾರಿಯಲ್ಲಿ ಬಲ ಕಳೆದುಕೊಳ್ಳುವುದು ಕಡಿಮೆ.

ಬಿಸಿಲಿನ ನಾಡಿಗೆ ಮೊನೊಟ್ಯೂಬೇ ಸರಿ ಎಂದು ಇದರಿಂದ ತೀರ್ಮಾನಿಸಬಾರದು. ಅದರ ಗೋಡೆಗೆ ಕಲ್ಲು ಬಡಿದು ಸಣ್ಣ ನೆಗ್ಗು ಬಿದ್ದರೂ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಟ್ವಿನ್ ಟ್ಯೂಬಿನ ಹೊರಕೊಳವೆ ನೆಗ್ಗಿದರೂ ಒಳಗಿನ ಪಿಸ್ಟನ್ ಓಡುತ್ತಲೇ ಇರುತ್ತದೆ. ಜಲ್ಲಿ, ಗರಸು ಸಿಡಿಯುವ ದಾರಿಯಲ್ಲಿ ಸಾಧಾರಣ ವೇಗದಲ್ಲಿ ದುಡಿಯುವ ಬೊಲೆರೊ ಪಿಕಪ್, ಟಾಟಾ ಯೋಧದಂಥ ವಾಹನಗಳ ಹಿಂಭಾಗಕ್ಕೆ, ದಪ್ಪ ಪಿಸ್ಟನ್ ಇರುವ ಗ್ಯಾಸ್ ತುಂಬಿದ ಟ್ವಿನ್ ಟ್ಯೂಬನ್ನೇ ನಾನು ಸೂಚಿಸುತ್ತೇನೆ. ಒರಟು ದಾರಿಯಲ್ಲಿ ವೇಗವಾಗಿ, ಗಂಟೆಗಟ್ಟಲೆ ಓಡುವ ವಿ-ಕ್ರಾಸ್, ಹೈಲಕ್ಸ್ ಒಡೆಯರಿಗೆ ಮೊನೊಟ್ಯೂಬ್ ಅಥವಾ ಫೋಮ್ ಸೆಲ್ ಹಣಕ್ಕೆ ತಕ್ಕ ಬೆಲೆ ಕೊಡುತ್ತದೆ. ಹೊರಗೆ ಪ್ರತ್ಯೇಕ ಎಣ್ಣೆ ಡಬ್ಬಿ ಇರುವ ರಿಸರ್ವಾಯರ್ ಮಾದರಿ ನಮ್ಮ ಸರಕು ವಾಹನಗಳಿಗೆ ಅನಗತ್ಯ.

ಭಾರತದಲ್ಲಿ 1961ರಲ್ಲಿ ಆರಂಭವಾದ ಗೇಬ್ರಿಯಲ್ ಇಂಡಿಯಾದ ಬದಲಿ ಬಿಡಿಭಾಗಗಳು ಸಾಧಾರಣ ಊರುಗಳ ಅಂಗಡಿಗಳಲ್ಲೂ ಸಿಗುತ್ತವೆ. ಜಪಾನಿನ ಕೆವೈಬಿ, ಜರ್ಮನಿಯ ಬಿಲ್‌ಸ್ಟೈನ್ ಕಾರುಗಳಿಗೂ ಅಬ್ಸಾರ್ಬರ್ ತಯಾರಿಸುತ್ತವೆ; ಆಸ್ಟ್ರೇಲಿಯಾದ ಎಆರ್‌ಬಿಯ ಓಲ್ಡ್ ಮ್ಯಾನ್ ಎಮು, ಅದೇ ದೇಶದ ಐರನ್‌ಮ್ಯಾನ್ ಮತ್ತು ಟಫ್ ಡಾಗ್ ಹೆಚ್ಚಾಗಿ ಫೋರ್ ವೀಲ್ ಡ್ರೈವ್ ಪಿಕಪ್‌ಗಳಿಗೆ ಸಂಬಂಧಿಸಿದವು. ಹೆಸರಿಗಿಂತ, ಕೆಟ್ಟಾಗ ಅದೇ ನಂಬರಿನ ಇನ್ನೊಂದು ಎಷ್ಟು ದಿನದಲ್ಲಿ ಕೈಗೆ ಬರುತ್ತದೆ ಎಂಬುದನ್ನು ದುಡಿಯುವ ವಾಹನದವರು ಮೊದಲು ಕೇಳಬೇಕು.

ಐದನೆಯ ಹಂತ: ತಡೆಯ ಪ್ರಮಾಣ

ಅಬ್ಸಾರ್ಬರ್ ಕುಗ್ಗುವಾಗ ಕೊಡುವ ತಡೆ ಬೇರೆ, ಹಿಗ್ಗುವಾಗ ಕೊಡುವ ತಡೆ ಬೇರೆ. ಸ್ಪ್ರಿಂಗ್ ಕುಗ್ಗಿ ಕೂಡಿಟ್ಟ ಶಕ್ತಿ ಹಿಂತಿರುಗಿ ಬರುವುದು ಹಿಗ್ಗುವಾಗಲೇ ಆದ್ದರಿಂದ ಆ ಕಡೆಯ ತಡೆ ಸಾಮಾನ್ಯವಾಗಿ ಎರಡರಿಂದ ಮೂರು ಪಟ್ಟು ಹೆಚ್ಚಿರುತ್ತದೆ. ಹೆಚ್ಚುವರಿ ಪಟ್ಟಿ ಸೇರಿಸಿ ಸ್ಪ್ರಿಂಗನ್ನು ಗಟ್ಟಿ ಮಾಡಿಸಿದ್ದರೆ ಅದರ ಪುಟಿತವೂ ಹೆಚ್ಚುವುದರಿಂದ ಹಿಗ್ಗುವ ಕಡೆಯ ತಡೆ ಹೆಚ್ಚಿರುವ ಅಬ್ಸಾರ್ಬರ್ ಬೇಕಾಗುತ್ತದೆ.

ಆದರೆ ಇದನ್ನು ಅತಿಯಾಗಿ ಹೆಚ್ಚಿಸಿದರೆ ಬೇರೊಂದು ತೊಂದರೆ ತಲೆದೋರುತ್ತದೆ. ಕಾಲುವೆ ದಾರಿಯಲ್ಲಿ ಟ್ರ್ಯಾಕ್ಟರ್ ಓಡಾಟದಿಂದ ಅಲೆಅಲೆಯಾಗಿ ಎದ್ದ ದಿಬ್ಬಗಳ ಮೇಲೆ ಚಕ್ರ ಒಂದು ದಿಬ್ಬ ಹತ್ತಿ ಮೇಲೇರುತ್ತದೆ. ಅದು ಕೆಳಗಿಳಿದು ನೆಲ ಮುಟ್ಟುವಷ್ಟರಲ್ಲಿ ಎರಡನೆಯ ದಿಬ್ಬ ಬಂದಿರುತ್ತದೆ. ಹೀಗೆ ಒಂದೊಂದು ದಿಬ್ಬಕ್ಕೂ ಸಸ್ಪೆನ್ಷನ್ ಸ್ವಲ್ಪ ಸ್ವಲ್ಪವೇ ಕುಗ್ಗುತ್ತ ಹೋಗಿ ಕೊನೆಗೆ ಬಂಪ್ ಸ್ಟಾಪ್ ಮೇಲೆಯೇ ಕೂರುತ್ತದೆ, ಖಾಲಿ ವಾಹನ ಕಲ್ಲುಬಂಡೆಯಂತೆ ಕುಲುಕುತ್ತದೆ, ಹಿಂಭಾಗ ಪಕ್ಕಕ್ಕೆ ಜಾರತೊಡಗುತ್ತದೆ. ಹಾಕಿಸಿದ ಮೇಲೆ ದಾರಿ ಮೊದಲಿಗಿಂತ ಒರಟಾಯಿತೆನ್ನುವ ದೂರುಗಳಲ್ಲಿ ಬಹಳಷ್ಟು ಹೀಗೆ ಹುಟ್ಟುತ್ತವೆ. ಹೋಗುವಾಗ ಭರ್ತಿ, ಬರುವಾಗ ಖಾಲಿ ಎಂಬ ಪಾಡು ನಿತ್ಯದ್ದಾಗಿದ್ದರೆ ಗುಂಡಿ ತಿರುಗಿಸಿ ತಡೆ ಹೊಂದಿಸಬಹುದಾದ ಮಾದರಿ ಉಪಯುಕ್ತ. ಆದರೆ ಧೂಳು ತುಂಬಿ ಗುಂಡಿ ಜಾಮ್ ಆಗದಂತೆ ಪ್ರತಿ ಸಲ ತೊಳೆದಾಗ ಅದನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಮತ್ತೆ ಮೊದಲಿನ ಸ್ಥಾನಕ್ಕೆ ತರಬೇಕು.

ಆರನೆಯ ಹಂತ: ಎತ್ತರ ಹೆಚ್ಚಿಸುವ ಆಸೆಯಿದ್ದರೆ

ಲಿಫ್ಟ್ ಕಿಟ್ ಹಾಕುವುದನ್ನು ಸರಕು ವಾಹನಕ್ಕೆ ನಾನು ಒಪ್ಪುವುದಿಲ್ಲ. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿನ ಒತ್ತಡವನ್ನು ಹೊರೆಗೆ ತಕ್ಕಂತೆ ಹೊಂದಿಸುವ ಒಂದು ವಾಲ್ವು ಇರುತ್ತದೆ. ಛಾಸಿಗೂ ಆಕ್ಸಲ್‌ಗೂ ನಡುವೆ ಇರುವ ಸರಳಿನಿಂದ ಅದು ಹೊರೆಯನ್ನು ಅಂದಾಜಿಸುತ್ತದೆ. ಹಿಂಭಾಗವನ್ನು ಎತ್ತಿ ಸರಳನ್ನು ಹಾಗೆಯೇ ಬಿಟ್ಟರೆ ಭರ್ತಿ ವಾಹನವನ್ನೂ ಅದು ಖಾಲಿಯೆಂದು ತಿಳಿದು ಹಿಂದಿನ ಬ್ರೇಕಿಗೆ ಕಡಿಮೆ ಒತ್ತಡ ಕೊಡುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕೂಡ ಆರ್‌ಸಿಯ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂಥ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಮೂಲ ಎತ್ತರದಲ್ಲೇ ಉಳಿದು ಸವೆದ ಅಬ್ಸಾರ್ಬರ್ ಬದಲಿಸಿಕೊಳ್ಳುವವರಿಗೆ ಈ ತೊಡಕುಗಳಿಲ್ಲ.

ಏಳನೆಯ ಹಂತ: ಅಂಗಡಿಯಲ್ಲಿ ಪರೀಕ್ಷಿಸುವುದು

ಪೆಟ್ಟಿಗೆಯ ಮೇಲಿನ ಪಾರ್ಟ್ ನಂಬರೂ ಅಬ್ಸಾರ್ಬರ್ ಮೇಲಿನ ನಂಬರೂ ಒಂದೇ ಆಗಿರಬೇಕು, ಜಿಎಸ್‌ಟಿ ಬಿಲ್ ಇರಬೇಕು. ಟ್ವಿನ್ ಟ್ಯೂಬ್ ಅಬ್ಸಾರ್ಬರ್ ಬಹಳ ದಿನ ಮಲಗಿಸಿಟ್ಟಿದ್ದರೆ ಒಳಗೆ ಅನಿಲ ಸೇರಿಕೊಂಡಿರುತ್ತದೆ. ಅಳವಡಿಸುವಾಗ ನಿಲ್ಲುವ ಭಂಗಿಯಲ್ಲೇ ಹಿಡಿದು ನಾಲ್ಕೈದು ಸಲ ನಿಧಾನವಾಗಿ ಪೂರ್ತಿ ಕುಗ್ಗಿಸಿ ಹಿಗ್ಗಿಸಿದರೆ ಅದು ಹೊರಹೋಗುತ್ತದೆ. ಆಮೇಲೆ ಇಡೀ ಉದ್ದಕ್ಕೂ ತಡೆ ಒಂದೇ ಸಮನಾಗಿರಬೇಕು, ದಿಕ್ಕು ಬದಲಿಸುವ ಕ್ಷಣದಲ್ಲಿ ಕೈಗೆ ಖಾಲಿ ಜಾಗ ಸಿಗಬಾರದು. ಗ್ಯಾಸ್ ತುಂಬಿದ್ದಾದರೆ ಕೈಬಿಟ್ಟಾಗ ತಾನಾಗಿಯೇ ಮೆಲ್ಲಗೆ ಹಿಗ್ಗುತ್ತದೆ. ಶಾಫ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ: ಕ್ರೋಮ್ ಮೇಲೆ ಉಗುರಿಗೆ ತಾಗುವ ಗೀರು ಇದ್ದರೆ ಅಂಥದ್ದನ್ನು ಕೊಳ್ಳಬೇಡಿ, ಆ ಗೀರು ಕೆಲವೇ ತಿಂಗಳಲ್ಲಿ ಸೀಲನ್ನು ಕೊಯ್ಯುತ್ತದೆ. ಧೂಳಿನ ಮರೆ ಎರೆಮಣ್ಣಿನ ರಾಡಿ ಒಳಗೆ ನಿಲ್ಲದಂತೆ ಕೆಳಗೆ ತೆರೆದಿರುವುದು ಒಳ್ಳೆಯದು. ಬುಷ್‌ಗಳಲ್ಲಿ ರಬ್ಬರಿನದೇ ಇರಲಿ, ಪಾಲಿಯುರೆಥೇನ್ ಗಟ್ಟಿಯಾದರೂ ಧೂಳಿನಲ್ಲಿ ಕಿರುಗುಟ್ಟುತ್ತದೆ.

ಎಂಟನೆಯ ಹಂತ: ಅಳವಡಿಕೆ

ಒಂದು ಆಕ್ಸಲ್‌ನ ಎರಡೂ ಬದಿಯನ್ನು ಒಟ್ಟಿಗೆ ಬದಲಿಸಬೇಕು. ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಛಾಸಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಆಕ್ಸಲ್‌ಗೆ ಜಾಕ್ ಆಸರೆ ಕೊಟ್ಟ ಮೇಲೆಯೇ ಬೋಲ್ಟ್ ಬಿಚ್ಚಿ. ಟ್ವಿನ್ ಟ್ಯೂಬನ್ನು ತಲೆಕೆಳಗಾಗಿ ಹಾಕುವಂತಿಲ್ಲ, ಮೊನೊಟ್ಯೂಬಿಗೆ ಆ ನಿರ್ಬಂಧ ಸಾಮಾನ್ಯವಾಗಿ ಇಲ್ಲ. ಕಣ್ಣಿನ ಬೋಲ್ಟುಗಳನ್ನು ಕೈಬಿಗಿ ಮಾಡಿ, ವಾಹನವನ್ನು ಚಕ್ರಗಳ ಮೇಲೆ ಇಳಿಸಿ, ಆನಂತರವೇ ಸೂಚಿತ ಟಾರ್ಕ್‌ಗೆ (ಬಿಗಿತದ ಬಲಕ್ಕೆ) ಬಿಗಿಯಬೇಕು. ಚಕ್ರ ಜೋತಾಡುವಾಗಲೇ ಬಿಗಿದರೆ ರಬ್ಬರ್ ಬುಷ್ ಸದಾ ತಿರುಚಿದ ಸ್ಥಿತಿಯಲ್ಲಿ ಉಳಿದು ಬೇಗ ಹರಿಯುತ್ತದೆ. ಮುಂದಿನ ಕಾಯಿಲ್ ಸ್ಪ್ರಿಂಗ್ ಬಿಚ್ಚುವ ಕೆಲಸವನ್ನು ಸ್ಪ್ರಿಂಗ್ ಕಂಪ್ರೆಸರ್ ಇರುವ ನುರಿತ ಮೆಕ್ಯಾನಿಕ್‌ಗೇ ಬಿಡಿ, ಬಳಿಕ ವೀಲ್ ಅಲೈನ್‌ಮೆಂಟ್ ಮಾಡಿಸಿ.

ಅಳವಡಿಸಿದ ದಿನವೇ ತೀರ್ಪು ಕೊಡಬಾರದು. ಪರಿಚಯದ ಒಂದೇ ದಾರಿಯಲ್ಲಿ, ಒಂದೇ ವೇಗದಲ್ಲಿ, ಮೊದಲು ಖಾಲಿಯಾಗಿ, ನಂತರ ಹೊರೆಯೊಡನೆ ಓಡಿಸಿ ನೋಡಬೇಕು. ಖಾಲಿಯಿದ್ದಾಗ ಸ್ವಲ್ಪ ಒರಟು, ಹೊರೆಯಿದ್ದಾಗ ಹಂಪ್ ದಾಟಿ ಒಂದೇ ಸಲಕ್ಕೆ ನೆಲೆ ನಿಲ್ಲುವುದು ಸರಕು ಪಿಕಪ್‌ಗೆ ಸರಿಯಾದ ಗುರುತು. ಸುಮಾರು 500 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಇನ್ನೊಮ್ಮೆ ಪರೀಕ್ಷಿಸಿ. ಮಳೆಗಾಲದಲ್ಲಿ ಎರೆಹೊಲಕ್ಕೆ ಇಳಿದು ಬಂದ ದಿನ, ಮಣ್ಣು ಶಾಫ್ಟಿನ ಮೇಲೆ ಒಣಗುವ ಮೊದಲೇ ಸಾಧಾರಣ ಒತ್ತಡದ ನೀರಿನಿಂದ ತೊಳೆದುಬಿಡಿ. ಪ್ರೆಷರ್ ಗನ್ನಿನ ಮೂತಿಯನ್ನು ಸೀಲಿನ ಹತ್ತಿರ ಹಿಡಿದರೆ ಕೆಸರು ಒಳಕ್ಕೇ ಹೋಗುತ್ತದೆ. ಬಿಚ್ಚಿದ ಹಳೆಯ ಗ್ಯಾಸ್ ಅಬ್ಸಾರ್ಬರ್‌ಗಳಲ್ಲಿ ಒತ್ತಡ ಉಳಿದಿರಬಹುದಾದ್ದರಿಂದ ಅವನ್ನು ಬೆಂಕಿಗೆ ಹಾಕುವುದಾಗಲಿ, ಗ್ಯಾಸ್ ಕಟರಿನಿಂದ ಕತ್ತರಿಸುವುದಾಗಲಿ ಮಾಡಬೇಡಿ, ಗುಜರಿಗೆ ಕೊಡುವಾಗ ಒಳಗೆ ಗ್ಯಾಸ್ ಇದೆಯೆಂದು ತಿಳಿಸಿಯೇ ಕೊಡಿ.